ನೀರು ಯಾವ ಕಡೆಯಿಂದ ಬಂತು ಎಂದು ಕೇಳಿದ ಮೇಲೆ

ನಮ್ಮ ನಗರದ ಮೇಲ್ಮೈ ನೀರು ನಿರ್ವಹಣಾ ಯೋಜನೆಯನ್ನು ಪರಿಷ್ಕರಿಸುವ ತಂಡಕ್ಕೆ ನನ್ನನ್ನು ಸೇರಿಸಿಕೊಂಡಾಗ ಹಳೆಯ ಯೋಜನೆಗೆ ಹತ್ತು ವರ್ಷ ತುಂಬಿತ್ತು. ಮೇಲ್ಮೈ ನೀರು ಎಂದರೆ ಮಳೆಯಾಗಿ ಬಿದ್ದು, ನೆಲದೊಳಗೆ ಇಂಗದೆ, ಚಾವಣಿ, ರಸ್ತೆ, ಬಯಲುಗಳ ಮೇಲೆ ಹರಿದು ಚರಂಡಿ, ಕಾಲುವೆ, ಕೆರೆ, ಹೊಳೆಗಳನ್ನು ಸೇರುವ ನೀರು. ಅದು ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ, ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು, ಆ ದಾರಿಯನ್ನು ಯಾರು ಶುಚಿಯಾಗಿಡಬೇಕು, ಮುಂದಿನ ಹತ್ತು ವರ್ಷಗಳ ಹಣವನ್ನು ಯಾವ ಕ್ರಮದಲ್ಲಿ ಖರ್ಚು ಮಾಡಬೇಕು ಎಂಬುದನ್ನೆಲ್ಲ ಒಂದೆಡೆ ಬರೆದಿಡುವ ದಾಖಲೆಯೇ ಈ ಯೋಜನೆ. ಸಾರ್ವಜನಿಕರಿಂದ ಅಭಿಪ್ರಾಯ ಸಂಗ್ರಹಿಸಿ ಲೆಕ್ಕಾಚಾರದ ತಂಡಕ್ಕೆ ತಲುಪಿಸುವುದು ನನಗೆ ವಹಿಸಿದ ಕೆಲಸವಾಗಿತ್ತು. ಅಲ್ಲಿಯವರೆಗೆ ಕಾಲುವೆಗಳ ಹರಿವನ್ನು ಲೆಕ್ಕ ಹಾಕುವುದರಲ್ಲೇ ವರ್ಷಗಳನ್ನು ಕಳೆದಿದ್ದ ನನಗೆ, ಇದು ಯೋಜನೆಯ ಅಂಚಿನಲ್ಲಿರುವ ಕೆಲಸವೆಂದೇ ಮೊದಲು ತೋರಿತ್ತು.

ಪರಿಷ್ಕರಣೆ ಏಕೆ ಬೇಕಾಯಿತು ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ಹೇಳಬಹುದು. 19ನೇ ಶತಮಾನದ ನಡುವಿನಲ್ಲಿ ಐರ್ಲೆಂಡಿನ ಎಂಜಿನಿಯರ್ ಥಾಮಸ್ ಮಲ್ವನಿ ರೂಪಿಸಿದ, ಇಂದಿಗೂ ಸಣ್ಣ ಜಲಾನಯನ ಪ್ರದೇಶಗಳಿಗೆ ಬಳಕೆಯಲ್ಲಿರುವ ಸೂತ್ರದ ಪ್ರಕಾರ, ಗರಿಷ್ಠ ಹರಿವು ಮೂರು ಸಂಗತಿಗಳ ಗುಣಲಬ್ಧ: ಪ್ರದೇಶದ ವಿಸ್ತೀರ್ಣ, ಮಳೆಯ ತೀವ್ರತೆ, ಮತ್ತು ಬಿದ್ದ ಮಳೆಯಲ್ಲಿ ಎಷ್ಟು ಪಾಲು ಹರಿದುಹೋಗುತ್ತದೆ ಎಂಬುದನ್ನು ಸೂಚಿಸುವ ಗುಣಾಂಕ. 36 ಹೆಕ್ಟೇರ್ ಪ್ರದೇಶದ ಮೇಲೆ ಗಂಟೆಗೆ 50 ಮಿ.ಮೀ. ವೇಗದಲ್ಲಿ ಮಳೆ ಸುರಿಯುತ್ತಿದೆ ಎಂದುಕೊಳ್ಳೋಣ. ಹುಲ್ಲು, ಮರ, ತೆರೆದ ಮಣ್ಣು ಇದ್ದು ಗುಣಾಂಕ 0.3 ಆಗಿದ್ದರೆ ಸೆಕೆಂಡಿಗೆ 1.5 ಘನ ಮೀಟರ್ ನೀರು ಹೊರಬರುತ್ತದೆ. ಅದೇ ನೆಲವನ್ನು ಚಾವಣಿ, ಕಾಂಕ್ರೀಟು, ಡಾಂಬರು ಆವರಿಸಿ ಗುಣಾಂಕ 0.8ಕ್ಕೆ ಏರಿದರೆ, ಮಳೆ ಒಂದು ಹನಿಯೂ ಹೆಚ್ಚದೆ, ಹರಿವು 4 ಘನ ಮೀಟರ್ ಆಗುತ್ತದೆ. ಇದರ ಮೇಲೆ, ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ನೀರಾವಿಯ ಪ್ರಮಾಣ ಸುಮಾರು ಶೇ. 7ರಷ್ಟು ಹೆಚ್ಚುವುದರಿಂದ, ಹಳೆಯ ಮಳೆ ದಾಖಲೆಗಳನ್ನು ಮಾತ್ರ ನೆಚ್ಚಿಕೊಂಡು ಚರಂಡಿಯ ಅಳತೆ ನಿರ್ಧರಿಸುವುದು ಸರಿಯಲ್ಲ. ನಮ್ಮ ಹಳೆಯ ಯೋಜನೆಯಲ್ಲಿ ಬಯಲೆಂದು ಬಣ್ಣ ಹಚ್ಚಿದ್ದ ಎಷ್ಟೋ ಜಾಗಗಳಲ್ಲಿ ಆ ಹೊತ್ತಿಗೆ ಮನೆಗಳಿದ್ದವು.

ಮೊದಲ ಸಾರ್ವಜನಿಕ ಸಭೆಯನ್ನು ನಾವು ಎಲ್ಲ ನಿಯಮಗಳಂತೆಯೇ ನಡೆಸಿದೆವು. ಪ್ರಕಟಣೆ ಹೊರಡಿಸಿದೆವು, ಪರದೆಯ ಮೇಲೆ ನಕ್ಷೆಗಳನ್ನು ತೋರಿಸಿದೆವು, ನೀರಿನ ಹರಿವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಯ ಫಲಿತಾಂಶಗಳನ್ನು ಮುಕ್ಕಾಲು ಗಂಟೆ ವಿವರಿಸಿದೆವು, ಕೊನೆಗೆ ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂದೆವು. ಬಂದವರು ಕಸದ ಗಾಡಿಯ ಬಗ್ಗೆ, ಬೀದಿದೀಪದ ಬಗ್ಗೆ, ಕುಡಿಯುವ ನೀರು ಬರುವ ಹೊತ್ತಿನ ಬಗ್ಗೆ, ಶೌಚಾಲಯದ ಕೊಳವೆ ಕಟ್ಟಿಕೊಂಡಿರುವ ಬಗ್ಗೆ ಮಾತನಾಡಿದರು. ಒಳಚರಂಡಿ ಬೇರೆ, ಮಳೆನೀರು ಚರಂಡಿ ಬೇರೆ ಎಂದು ವಿವರಿಸುವುದರಲ್ಲೇ ಉಳಿದ ಸಮಯ ಕಳೆಯಿತು. ಜನರಿಗೆ ವಿಷಯದಲ್ಲಿ ಆಸಕ್ತಿಯಿಲ್ಲ ಎಂದು ನಮ್ಮಲ್ಲಿ ಕೆಲವರು ಅಂದುಕೊಂಡರು. ನಾನೂ ಆ ಸಂಜೆ ಹಾಗೆಯೇ ನಂಬಿದ್ದೆ, ಅದು ತಪ್ಪು ತೀರ್ಮಾನವಾಗಿತ್ತು.

ತಪ್ಪನ್ನು ತೋರಿಸಿಕೊಟ್ಟವರು ಹೂಳೆತ್ತುವ ತಂಡದ ಮೇಸ್ತ್ರಿ. ಸಭೆ ಮುಗಿದ ಮೇಲೆ ಕುರ್ಚಿಗಳನ್ನು ಎತ್ತಿಡುತ್ತಿದ್ದಾಗ ಅವರು ನನ್ನ ಬಳಿ ಬಂದು, “ಮೇಡಂ, ಅಭಿಪ್ರಾಯ ಕೇಳಿದರೆ ಅವರೇನು ಹೇಳುತ್ತಾರೆ? ನೀರು ಯಾವ ಕಡೆಯಿಂದ ಬಂತು, ಎಲ್ಲಿಯವರೆಗೆ ಏರಿತು, ಎಷ್ಟು ಹೊತ್ತು ನಿಂತಿತು ಎಂದು ಕೇಳಿ, ಆಗ ಹೇಳುತ್ತಾರೆ” ಎಂದರು. ಮುಂದಿನ ಸಭೆಗಳಲ್ಲಿ ನಾವು ಪರದೆಯನ್ನು ಕಟ್ಟಲೇ ಇಲ್ಲ. ಒಂದೊಂದು ಬಡಾವಣೆಯ ನಕ್ಷೆಯನ್ನು ಮನೆಗಳನ್ನು ಗುರುತಿಸಬಹುದಾದಷ್ಟು ದೊಡ್ಡದಾಗಿ ಮುದ್ರಿಸಿ ಮೇಜಿನ ಮೇಲೆ ಹಾಸಿದೆವು. ಪಕ್ಕದಲ್ಲಿ ಬಣ್ಣದ ಪೆನ್ಸಿಲ್‌ಗಳನ್ನಿಟ್ಟು, ಆ ಮೂರು ಪ್ರಶ್ನೆಗಳ ಜೊತೆಗೆ ಇನ್ನೆರಡನ್ನು ಸೇರಿಸಿದೆವು: ನೀರು ಇಳಿದ ಮೇಲೆ ಏನನ್ನು ಬಿಟ್ಟುಹೋಯಿತು, ಮತ್ತು ನಿಮ್ಮ ನೆನಪಿನಲ್ಲಿ ಮೊದಲ ಸಲ ಹೀಗಾದದ್ದು ಯಾವಾಗ. ಬಿಟ್ಟುಹೋದದ್ದು ಕೆಂಪು ಮಣ್ಣಾದರೆ ಮೇಲಿನ ಕಟ್ಟಡ ಕಾಮಗಾರಿಯಿಂದ ಬಂದ ನೀರು, ಕಪ್ಪು ಕೆಸರಾದರೆ ಒಳಚರಂಡಿ ಉಕ್ಕಿ ಬೆರೆತ ನೀರು. ಉತ್ತರ ಹೇಳುವವರಿಗೆ ಅದು ತಿಳಿಯದಿದ್ದರೂ ಬರೆದುಕೊಳ್ಳುವ ನಮಗೆ ತಿಳಿಯುತ್ತಿತ್ತು.

ಇಂಥ ಎರಡನೆಯ ಸಭೆಯಲ್ಲೇ ಒಬ್ಬ ಹಿರಿಯರು ತಮ್ಮ ಬೀದಿಯನ್ನು ಹುಡುಕಿ, ಅದರ ಮೇಲೆ ನಾವು ಬರೆದಿದ್ದ ಹರಿವಿನ ಬಾಣದ ಗುರುತನ್ನು ಬೆರಳಿನಿಂದ ಮುಟ್ಟಿ, “ಬಾಣವನ್ನು ತಿರುಗಿಸಿ ಬರೆದಿದ್ದೀರಿ ತಾಯಿ, ನೀರು ಈಗ ಹೀಗೆ ಹೋಗುವುದಿಲ್ಲ” ಎಂದರು. ಬೀದಿ ಪೂರ್ವಕ್ಕೆ ಇಳಿಜಾರಾಗಿದೆ, ನೀರು ಪೂರ್ವದ ಮುಖ್ಯರಸ್ತೆಯ ಚರಂಡಿಗೆ ಸೇರುತ್ತದೆ ಎಂಬುದು ನಮ್ಮ ನಕ್ಷೆಯ ಲೆಕ್ಕ. ಅವರ ಪ್ರಕಾರ ಕೆಲವು ವರ್ಷಗಳಿಂದ ಅದು ಪಶ್ಚಿಮಕ್ಕೆ, ಮನೆಗಳ ಹಿತ್ತಿಲಿನ ಕಡೆಗೆ ಹೋಗುತ್ತಿತ್ತು. ಲೆಕ್ಕಾಚಾರದ ತಂಡದವರು ಇದನ್ನು ಒಪ್ಪಲಿಲ್ಲ; ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳು ಸ್ಪಷ್ಟವಾಗಿ ಪೂರ್ವವನ್ನೇ ತೋರಿಸುತ್ತಿದ್ದವು. ಆದರೆ ಆ ರೇಖೆಗಳು ಒಂದು ಮೀಟರ್ ಎತ್ತರಕ್ಕೊಂದರಂತೆ ಎಳೆದವು, ನಗರದ ಆ ಭಾಗ ಬಹುತೇಕ ಸಪಾಟು. ಮಟ್ಟ ಅಳೆಯುವ ಉಪಕರಣದೊಂದಿಗೆ ಹೋಗಿ ನೋಡಿದಾಗ ಕಾರಣ ಕಣ್ಣೆದುರೇ ಇತ್ತು. ಮುಖ್ಯರಸ್ತೆಗೆ ಹಳೆಯ ಪದರವನ್ನು ಕೆರೆದು ತೆಗೆಯದೆ ಮತ್ತೆ ಮತ್ತೆ ಡಾಂಬರು ಹಾಕಿದ್ದರಿಂದ ಅದು ಬೀದಿಯ ಮಟ್ಟಕ್ಕಿಂತ ಒಂದು ಗೇಣಿನಷ್ಟು ಎತ್ತರವಾಗಿ, ನೀರಿಗೆ ಅಡ್ಡಗಟ್ಟೆಯಾಗಿ ನಿಂತಿತ್ತು. ಸಪಾಟು ನೆಲದಲ್ಲಿ ನೀರನ್ನು ಹಿಂದಕ್ಕೆ ತಿರುಗಿಸಲು ಒಂದು ಗೇಣು ಸಾಕು.

ಈ ಒಂದು ಬಾಣವನ್ನು ತಿರುಗಿಸಿದ ಪರಿಣಾಮ ಒಂದು ಬೀದಿಗೆ ನಿಲ್ಲಲಿಲ್ಲ. ಆ ಬೀದಿಯ ಜೊತೆಗೆ ಅದರ ಅಕ್ಕಪಕ್ಕದ ಬೀದಿಗಳೂ ಪೂರ್ವದ ಕಾಲುವೆಯ ಪ್ರದೇಶದಿಂದ ಬಿಟ್ಟುಹೋಗಿ ಪಶ್ಚಿಮದ ಕಾಲುವೆಗೆ ಸೇರಿಕೊಂಡವು. ಪಶ್ಚಿಮದ ತಗ್ಗಿನ ಬಡಾವಣೆಯಲ್ಲಿ ಪ್ರತಿ ದೊಡ್ಡ ಮಳೆಗೂ ನೀರು ನುಗ್ಗುವುದಕ್ಕೆ ಹಳೆಯ ಯೋಜನೆ ಕೊಟ್ಟಿದ್ದ ಕಾರಣ, ನಿವಾಸಿಗಳು ಚರಂಡಿಗೆ ಕಸ ಹಾಕುತ್ತಾರೆ ಎಂಬುದು. ಕಸ ಇದ್ದದ್ದು ನಿಜವೇ. ಆದರೆ ಅವರ ಕಾಲುವೆಗೆ ಅದರದ್ದಲ್ಲದ ನೀರು ಬರುತ್ತಿದೆ ಎಂಬುದನ್ನು ಯಾರೂ ನೋಡಿರಲಿಲ್ಲ. ತಮ್ಮದಲ್ಲದ ತಪ್ಪನ್ನು ಆ ಜನ ಅಷ್ಟು ವರ್ಷ ಹೊತ್ತುಕೊಂಡಿದ್ದರು ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಮೇಸ್ತ್ರಿಯವರ ತಂಡದ ತಿಳಿವಳಿಕೆಯನ್ನು ನಾವು ಪ್ರತ್ಯೇಕವಾಗಿ ಎರಡು ದಿನ ಕುಳಿತು ಬರೆದುಕೊಂಡೆವು. ರಸ್ತೆಯಡಿ ನೀರು ದಾಟಿಸುವ ಯಾವ ಅಡ್ಡಮೋರಿ ವರ್ಷಕ್ಕೆ ಎರಡು ಸಲ ಹೂಳು ತುಂಬಿಕೊಳ್ಳುತ್ತದೆ, ಯಾವುದರೊಳಗೆ ಯಾವುದೋ ಸಂಸ್ಥೆಯ ಕೇಬಲ್ ಅಡ್ಡ ಹಾಯ್ದು ಕಡ್ಡಿ ಎಲೆಗಳನ್ನು ಹಿಡಿದು ನಿಲ್ಲಿಸುತ್ತದೆ, ಯಾವ ಚೇಂಬರಿನ ಮುಚ್ಚಳ ರಸ್ತೆಯಡಿ ಹೂತುಹೋಗಿದೆ ಎಂಬುದೆಲ್ಲ ಅವರ ಬಾಯಲ್ಲಿತ್ತು, ಕಡತದಲ್ಲಿರಲಿಲ್ಲ. ನಮ್ಮ ಮಾದರಿ ಎಲ್ಲ ಕೊಳವೆಗಳೂ ಖಾಲಿ ಇವೆ ಎಂದು ಊಹಿಸಿಕೊಂಡಿತ್ತು. ಅರ್ಧದವರೆಗೆ ಹೂಳು ತುಂಬಿದ ದುಂಡು ಕೊಳವೆಯ ಸಾಮರ್ಥ್ಯ ಅರ್ಧಕ್ಕೆ ಇಳಿಯುತ್ತದೆ ಎಂದು ಯಾರಿಗಾದರೂ ಅನಿಸಬಹುದು. ಆದರೆ ನೀರು ಉಜ್ಜಿಕೊಂಡು ಹೋಗಬೇಕಾದ ಮೇಲ್ಮೈಯ ಪಾಲು ಹೆಚ್ಚುವುದರಿಂದ ಅದು ಮೂರನೇ ಒಂದು ಭಾಗದ ಸಮೀಪಕ್ಕೆ ಇಳಿಯುತ್ತದೆ. ಹೂಳಿನ ನಿಜವಾದ ಎತ್ತರವನ್ನು ಮಾದರಿಗೆ ಊಡಿಸಿದ ಮೇಲೆ, ಜನರು ಪೆನ್ಸಿಲ್‌ನಲ್ಲಿ ತುಂಬಿದ್ದ ನೀಲಿ ಪ್ರದೇಶಗಳೂ ಕಂಪ್ಯೂಟರ್ ತೋರಿಸಿದ ಪ್ರದೇಶಗಳೂ ಬಹುಮಟ್ಟಿಗೆ ಒಂದರ ಮೇಲೊಂದು ಕುಳಿತವು.

ಹಾಗೆಂದು ಹೇಳಿದ್ದನ್ನೆಲ್ಲ ಹಾಗೆಯೇ ಬರೆದುಕೊಂಡೆವು ಎಂದಲ್ಲ. ಭಯದಲ್ಲಿ ನೋಡಿದ ನೀರು ನೆನಪಿನಲ್ಲಿ ಇನ್ನಷ್ಟು ಏರಿರುತ್ತದೆ. ಒಂದೇ ಗೋಡೆಯ ಆಚೀಚೆ ಇದ್ದ ಇಬ್ಬರು ಮೊಣಕಾಲು ಎಂದೂ ಸೊಂಟ ಎಂದೂ ಹೇಳಿದರು. ಸಾಧ್ಯವಾದಲ್ಲೆಲ್ಲ ಗೋಡೆಯ ಮೇಲಿನ ಕೆಸರಿನ ಗೆರೆ, ಬಾಗಿಲಿನ ಮರ ಉಬ್ಬಿದ ಎತ್ತರ, ಫೋನಿನಲ್ಲಿ ತೆಗೆದ ಚಿತ್ರದ ಹೊತ್ತು ಇವುಗಳನ್ನು ಕೇಳಿ, ಮಳೆಮಾಪಕದ ದಾಖಲೆಯೊಂದಿಗೆ ಹೋಲಿಸಿ ನೋಡಿದೆವು. ‘ಇಲ್ಲಿ ಎಂದೂ ನೀರು ಬಂದಿಲ್ಲ’ ಎಂದವರನ್ನು ‘ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು’ ಎಂದು ಕೇಳಬೇಕೆಂಬುದನ್ನೂ ಕಲಿತೆವು.

ಇದಕ್ಕಿಂತ ಕಷ್ಟವಾದ ಸಂಗತಿ ಬರದೇ ಇದ್ದವರದ್ದು. ದೂರು ಪುಸ್ತಕದ ಆಧಾರದ ಮೇಲೆ ಹಳೆಯ ಯೋಜನೆ ಸಿದ್ಧಪಡಿಸಿದ್ದ ನಕ್ಷೆಯನ್ನು ನಾನು ಬಹಳ ದಿನ ನೀರು ನಿಲ್ಲುವ ಜಾಗಗಳ ನಕ್ಷೆಯೆಂದೇ ಓದಿದ್ದೆ. ನಿಜಕ್ಕೂ ಅದು ದೂರು ಕೊಡುವವರು ಎಲ್ಲಿ ವಾಸಿಸುತ್ತಾರೆ ಎಂಬುದರ ನಕ್ಷೆಯಾಗಿತ್ತು. ಕಾಲುವೆಯ ದಂಡೆಗೆ ಅಂಟಿಕೊಂಡ ಬಾಡಿಗೆ ಮನೆಗಳಿಂದ ಒಂದೂ ದೂರು ಇರಲಿಲ್ಲ, ಅಲ್ಲಿಂದ ಯಾರೂ ಸಭೆಗೂ ಬಂದಿರಲಿಲ್ಲ. ನಕ್ಷೆಯನ್ನು ಸುರುಳಿ ಸುತ್ತಿಕೊಂಡು ನಾವೇ ಅಲ್ಲಿಗೆ ಹೋದಾಗ ಒಬ್ಬ ತಾಯಿ, “ಹೇಳಿದರೆ ಜಾಗ ಖಾಲಿ ಮಾಡಿ ಅನ್ನುತ್ತೀರಲ್ಲ, ಅದಕ್ಕೇ ಹೇಳುವುದಿಲ್ಲ” ಎಂದರು. ಆ ಮಾತಿಗೆ ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಮನೆ ಸಂಖ್ಯೆ, ಹೆಸರು ಬರೆಯದೆ, ಬೀದಿಯ ಮಟ್ಟದಲ್ಲಿ ಮಾತ್ರ ನೀರಿನ ಎತ್ತರವನ್ನು ದಾಖಲಿಸುವುದಾಗಿ ತಂಡದ ಮುಖ್ಯಸ್ಥರಿಂದ ಲಿಖಿತವಾಗಿ ಒಪ್ಪಿಗೆ ಪಡೆದು ಮತ್ತೆ ಹೋದೆವು. ರಾತ್ರಿ ಊಟದ ಹೊತ್ತಿನವರೆಗೂ ಕಾದು, ಕೆಲಸದಿಂದ ಹಿಂದಿರುಗಿದವರನ್ನು ಮಾತನಾಡಿಸಿದೆವು. ಇಡೀ ಪ್ರಕ್ರಿಯೆಯಲ್ಲಿ ನಮಗೆ ದೊರೆತ ಅತ್ಯಂತ ನಿಖರವಾದ ಮಾಹಿತಿ ಅಲ್ಲಿಯದು. ನೀರು ಯಾವ ಮೆಟ್ಟಿಲನ್ನು ಮುಟ್ಟಿದಾಗ ಮಕ್ಕಳನ್ನು ಎತ್ತಿಕೊಂಡು ಹೊರಡಬೇಕೆಂದು ಪ್ರತಿ ಮನೆಯವರಿಗೂ ಗೊತ್ತಿತ್ತು.

ಲೆಕ್ಕ ಸರಿಯಾದ ಮೇಲೆ ಬಂದದ್ದು ಎಷ್ಟು ದೊಡ್ಡ ಮಳೆಗೆ ಸಿದ್ಧರಾಗಬೇಕೆಂಬ ಪ್ರಶ್ನೆ. ‘ನೂರು ವರ್ಷಕ್ಕೊಮ್ಮೆ ಬರುವ ಮಳೆ’ ಎಂಬ ಮಾತು ಸಭೆಗಳಲ್ಲಿ ತುಂಬ ತೊಂದರೆ ಕೊಟ್ಟಿತು. ಹಿಂದಿನ ದೊಡ್ಡ ಮಳೆ ಕಂಡವರು ಇನ್ನು ನೂರು ವರ್ಷ ನಿಶ್ಚಿಂತೆ ಎಂದುಕೊಂಡಿದ್ದರು. ನಾವು ಆ ಮಾತನ್ನೇ ಕೈಬಿಟ್ಟು, ಯಾವುದೇ ಒಂದು ವರ್ಷದಲ್ಲಿ ಬರುವ ಸಾಧ್ಯತೆ ಶೇ. 1 ಇರುವ ಮಳೆ ಎಂದು ಬರೆದೆವು. 30 ವರ್ಷ ಒಂದೇ ಮನೆಯಲ್ಲಿ ಬಾಳುವವರು ಅಂಥ ಮಳೆಯನ್ನು ಒಮ್ಮೆಯಾದರೂ ಕಾಣುವ ಸಾಧ್ಯತೆ ಸುಮಾರು ಶೇ. 26. ಈ ಸಂಖ್ಯೆ ಹೇಳಿದಾಗ ಸಭೆಯಲ್ಲಿ ಮೌನ ಕವಿಯುತ್ತಿತ್ತು. ಆ ಮಳೆಯನ್ನೂ ಕೊಳವೆಯೊಳಗೇ ಸಾಗಿಸಿ ಎಂದು ಕೇಳುವುದು ಸಹಜ, ಆದರೆ ಯಾವ ನಗರವೂ ಅದನ್ನು ಮಾಡಲಾರದು. ಗಂಟೆಗೆ 25 ಮಿ.ಮೀ. ಮಳೆಗೆಂದು ಕಟ್ಟಿದ್ದ ಮುಂಬಯಿಯ ಹಳೆಯ ಚರಂಡಿಗಳ ಮೇಲೆ 2005ರ ಜುಲೈ 26ರಂದು ಸುರಿದ ಮಳೆ ಸಾಂತಾಕ್ರೂಜ್ ಮಾಪನ ಕೇಂದ್ರದಲ್ಲಿ 24 ಗಂಟೆಗೆ 944 ಮಿ.ಮೀ. ಎಂದು ದಾಖಲಾಯಿತು. 2011ರ ಜುಲೈ 2ರಂದು ಕೋಪನ್‌ಹೇಗನ್‌ನಲ್ಲಿ ಎರಡೇ ಗಂಟೆಗಳಲ್ಲಿ ಸುಮಾರು 150 ಮಿ.ಮೀ. ಸುರಿದ ಮೇಲೆ, ಆ ನಗರ ಮರುವರ್ಷ ರೂಪಿಸಿದ ಯೋಜನೆಯಲ್ಲಿ ಕೆಲವು ರಸ್ತೆಗಳನ್ನೂ ಉದ್ಯಾನಗಳನ್ನೂ ದೊಡ್ಡ ಮಳೆಯ ಹೆಚ್ಚುವರಿ ನೀರಿಗೆಂದೇ ಗೊತ್ತುಪಡಿಸಿತು. ಚರಂಡಿ ತುಂಬಿದ ಮೇಲಿನ ನೀರು ಎಲ್ಲಿಗೆ ಹೋಗಲಿ ಎಂಬುದನ್ನು ಮೊದಲೇ ಕೂತು ತೀರ್ಮಾನಿಸದಿದ್ದರೆ ಅದು ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ, ಮತ್ತು ಆ ದಾರಿ ಸಾಮಾನ್ಯವಾಗಿ ಕಾಲುವೆ ದಂಡೆಯ ಮನೆಗಳೊಳಗಿಂದ ಹಾಯುತ್ತದೆ.

ಇಲ್ಲಿ ಮೇಲಿನವರಿಗೂ ಕೆಳಗಿನವರಿಗೂ ನೇರ ಜಗಳವಾಯಿತು. ಎತ್ತರದ ಬಡಾವಣೆಯವರು 600 ಮಿ.ಮೀ. ಕೊಳವೆಯನ್ನು ತೆಗೆದು 900 ಮಿ.ಮೀ. ಕೊಳವೆ ಹಾಕಿ ಎಂದು ಸಹಿ ಸಂಗ್ರಹಿಸಿ ತಂದಿದ್ದರು. ವ್ಯಾಸ ಒಂದೂವರೆ ಪಟ್ಟಾದರೆ ಅದೇ ಇಳಿಜಾರಿನಲ್ಲಿ ಕೊಳವೆ ಸಾಗಿಸುವ ನೀರು ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಅವರ ಬೀದಿ ಬೇಗ ಒಣಗುತ್ತದೆ, ಕೆಳಗಿನವರ ಅಂಗಳಕ್ಕೆ ಮೂರು ಪಟ್ಟು ನೀರು ಒಮ್ಮೆಗೇ ಬರುತ್ತದೆ. ಇಬ್ಬರನ್ನೂ ಒಂದೇ ಮೇಜಿನ ಎದುರು ಕೂರಿಸಿ, ಎರಡೂ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದೆವು. ಇದನ್ನು ನಾನು ಬಹಳ ಅಳುಕಿನಿಂದ ಮಾಡಿದೆ. ಆದರೆ ತಮ್ಮ ನೀರು ಯಾರ ಮನೆಗೆ ಹೋಗುತ್ತದೆಂದು ಮುಖ ನೋಡಿ ತಿಳಿದ ಮೇಲೆ ಸಹಿ ಸಂಗ್ರಹಿಸಿದವರೇ ಬೇರೆ ದಾರಿ ಇದೆಯೇ ಎಂದು ಕೇಳಿದರು.

ಇದ್ದ ದಾರಿ ನಡುವಿನ ಆಟದ ಮೈದಾನ. ಅದನ್ನು ಮೊಣಕಾಲಿಗಿಂತ ಕಡಿಮೆ ಆಳಕ್ಕೆ ತಗ್ಗಿಸಿ, ಅಂಚುಗಳನ್ನು ನಡೆದು ಹತ್ತಬಹುದಾದ ಇಳಿಜಾರಾಗಿ ಮಾಡಿ, ಕೆಳಗೆ ಸಣ್ಣ ಹೊರದಾರಿ ಇಟ್ಟರೆ, ಮಳೆಯ ಗರಿಷ್ಠ ಹೊತ್ತಿನ ನೀರು ಅಲ್ಲಿ ನಿಂತು ನಿಧಾನವಾಗಿ ಹೊರಗೆ ಹೋಗುತ್ತದೆ. ಮೈದಾನದ ಸುತ್ತಲಿನವರು ಇದನ್ನು ಬಲವಾಗಿ ವಿರೋಧಿಸಿದರು. ಮಕ್ಕಳ ಸುರಕ್ಷತೆ, ಸೊಳ್ಳೆ, ಆಟ ನಿಂತುಹೋಗುವುದು, ಈ ಮೂರೂ ನ್ಯಾಯವಾದ ಆತಂಕಗಳೇ. ಹರಿಯುವ ನೀರು 15 ಸೆಂ.ಮೀ. ಇದ್ದರೂ ವಯಸ್ಕರ ಕಾಲು ಕೀಳಬಲ್ಲದು, ಆದ್ದರಿಂದ ಒಳಹರಿವಿನ ಬಾಯಿಯನ್ನು ಅಗಲಗೊಳಿಸಿ ವೇಗ ಕುಗ್ಗಿಸಿ, ಹೊರದಾರಿಗೆ ಸರಳುಜಾಲರಿ ಹಾಕುವಂತೆ ವಿನ್ಯಾಸ ಬದಲಾಯಿತು. ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸಾಮಾನ್ಯವಾಗಿ ಒಂದು ವಾರವಾದರೂ ಬೇಕು. ಹಾಗಾಗಿ ಎರಡು ದಿನಗಳೊಳಗೆ ಮೈದಾನ ಪೂರ್ತಿ ಬರಿದಾಗಬೇಕೆಂಬುದನ್ನು ವಿನ್ಯಾಸದ ನಿಬಂಧನೆಯಾಗಿಯೇ ಬರೆದೆವು. ಎಲ್ಲರೂ ಒಪ್ಪಿದರು ಎಂದು ಹೇಳಲಾರೆ. ಒಂದು ಮೂಲೆಯ ನಿವಾಸಿಗಳು ಕೊನೆಯವರೆಗೂ ಆಕ್ಷೇಪಣೆ ಉಳಿಸಿಕೊಂಡರು, ಅದನ್ನು ಅವರ ಮಾತುಗಳಲ್ಲೇ ಯೋಜನೆಯಲ್ಲಿ ಮುದ್ರಿಸಿದೆವು.

ನೀರಿನ ಗುಣಮಟ್ಟದ ಅಧ್ಯಾಯಕ್ಕೆ ಸಲಹೆಗಳು ಕಡಿಮೆ ಬಂದವು. ರಸ್ತೆಯ ಎಣ್ಣೆ, ಧೂಳು, ಕೊಳೆತ ಎಲೆಗಳ ರಂಜಕ ಇವೆಲ್ಲ ಮೊದಲ ಮಳೆಯಲ್ಲೇ ಬಹುಪಾಲು ಕೊಚ್ಚಿಕೊಂಡು ಕೆರೆ ಸೇರುತ್ತವೆ ಎಂಬುದು ಕಣ್ಣಿಗೆ ಕಾಣುವ ತೊಂದರೆಯಲ್ಲ. ಮಳೆಗಾಲಕ್ಕೆ ಮುಂಚೆ ರಸ್ತೆಗಳನ್ನು ಗುಡಿಸುವ ಒಂದು ಸುತ್ತನ್ನು ಹೆಚ್ಚುವರಿಯಾಗಿ ಸೇರಿಸಿದೆವು, ಅಷ್ಟೇ.

ಕರಡನ್ನು ಪ್ರಕಟಿಸಿ ಲಿಖಿತ ಸಲಹೆಗಳಿಗೆ ಕಾಲಾವಕಾಶ ಕೊಟ್ಟಾಗ ಬಂದ ಪ್ರತಿಯೊಂದಕ್ಕೂ ಉತ್ತರ ಬರೆಯುವ ಹೊಣೆ ನನ್ನದಾಯಿತು. ಮೊದಲ ಕೆಲವು ಉತ್ತರಗಳಲ್ಲಿ ನಾನು ಕಚೇರಿಯ ರೂಢಿಯಂತೆ ‘ಗಮನಿಸಲಾಗಿದೆ’ ಎಂದು ಬರೆದೆ. ಒಬ್ಬ ನಿವೃತ್ತ ಶಿಕ್ಷಕಿ ಅದನ್ನು ಓದಿ ಕಚೇರಿಗೇ ಬಂದು, “ಗಮನಿಸಿ ಏನು ಮಾಡಿದಿರಿ?” ಎಂದು ಕೇಳಿದರು. ಆ ಪದವನ್ನು ಪಟ್ಟಿಯಿಂದ ಪೂರ್ತಿಯಾಗಿ ತೆಗೆದುಹಾಕಿದೆವು. ಒಪ್ಪಿದ್ದಾದರೆ ಯಾವ ಪುಟದಲ್ಲಿ ಏನು ಬದಲಾಯಿತು, ಒಪ್ಪದಿದ್ದರೆ ಏಕೆ ಎಂದು ಪ್ರತಿ ಸಲಹೆಯ ಎದುರೂ ಬರೆಯಬೇಕೆಂದು ನಿರ್ಧರಿಸಿದಾಗ ಕೆಲಸ ಮೂರು ವಾರ ಹಿಗ್ಗಿತು. ಕಾಲುವೆಗಳ ತಳ, ಬದಿ ಎಲ್ಲವನ್ನೂ ಕಾಂಕ್ರೀಟು ಮಾಡಿ ಎಂಬುದು ಹೆಚ್ಚು ಮಂದಿ ಬರೆದ ಸಲಹೆ. ಅದನ್ನು ಒಪ್ಪಲಿಲ್ಲ. ನಯವಾದ ಕಾಂಕ್ರೀಟಿನ ಮೇಲೆ ನೀರು ವೇಗವಾಗಿ ಓಡಿ ಕೆಳಗಿನ ಗರಿಷ್ಠ ಹರಿವನ್ನು ಏರಿಸುತ್ತದೆ, ನೆಲಕ್ಕೆ ಇಂಗುವ ದಾರಿ ಮುಚ್ಚುತ್ತದೆ ಎಂಬ ಕಾರಣವನ್ನು ಅವರವರ ಕಾಲುವೆಯ ಲೆಕ್ಕದೊಂದಿಗೆ ತಿಳಿಸಿದೆವು. ಕಾರಣ ಓದಿದ ಮೇಲೂ ಸಿಟ್ಟಾದವರಿದ್ದರು. ಆದರೆ ಉತ್ತರವೇ ಬಂದಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ.

ನಗರಸಭೆ ಯೋಜನೆಯನ್ನು ಅಂಗೀಕರಿಸಿದ ದಿನ, ಮೊದಲ ಮೂರು ವರ್ಷಗಳ ಹಣದ ಪಟ್ಟಿಯಲ್ಲಿ ಮುಖ್ಯರಸ್ತೆಯ ಡಾಂಬರನ್ನು ಕೆರೆದು ಹಳೆಯ ಮಟ್ಟಕ್ಕೆ ತರುವುದು, ಹೂಳೆತ್ತುವ ವೇಳಾಪಟ್ಟಿ ಮತ್ತು ಮೈದಾನ, ಈ ಮೂರೂ ಉಳಿದವು. ಕಾಲುವೆ ದಂಡೆಯ ಮನೆಗಳಿಗೆ ಮುನ್ನೆಚ್ಚರಿಕೆ ವ್ಯವಸ್ಥೆ ಮಾತ್ರ ಒಪ್ಪಿಗೆಯಾಯಿತು. ಕಾಲುವೆಯನ್ನು ಅಗಲಗೊಳಿಸುವ ಕೆಲಸ ಹಣವಿಲ್ಲದೆ ಪಟ್ಟಿಯ ಕೊನೆಗೆ ಹೋಯಿತು. ಅಲ್ಲಿನವರಿಗೆ ಇದನ್ನು ನಾನೇ ಹೋಗಿ ಹೇಳಿದೆ. ಅವರು ನೀರಿನ ಬಗ್ಗೆ ನಂಬಿಕೆಯಿಟ್ಟು ಹೇಳಿದ್ದಕ್ಕೆ ನಾವು ಕೊಟ್ಟದ್ದು ಅಷ್ಟೇ ಎಂಬುದನ್ನು ಹೇಳುವಾಗ ನನ್ನ ದನಿ ಗಟ್ಟಿಯಾಗಿರಲಿಲ್ಲ.

ಯೋಜನೆಯಲ್ಲಿ ಪ್ರತಿ ವರ್ಷದ ಮಳೆಗಾಲದ ನಂತರ ಮಾದರಿಯನ್ನು ಅಳತೆಗಳೊಂದಿಗೆ ಹೋಲಿಸಬೇಕೆಂಬ ಒಂದು ಷರತ್ತಿದೆ. ಅದಕ್ಕಾಗಿ ಜನರು ಗುರುತಿಸಿಕೊಟ್ಟ ಜಾಗಗಳಲ್ಲಿ ಗೋಡೆಗಳ ಮೇಲೆ ಸೆಂಟಿಮೀಟರ್ ಗುರುತುಗಳ ಪಟ್ಟಿಗಳನ್ನು ಬರೆಸಿದ್ದೇವೆ. ಮೊದಲ ದೊಡ್ಡ ಮಳೆಯ ಸಂಜೆ, ಬಾಣ ತಿರುಗಿಸಿದ ಹಿರಿಯರಿಂದ ತಮ್ಮ ಬೀದಿಯ ಎರಡೂ ತುದಿಯ ಪಟ್ಟಿಗಳ ಚಿತ್ರಗಳು ಹೊತ್ತಿನ ಸಮೇತ ಬಂದವು. ಪಶ್ಚಿಮದ ಪಟ್ಟಿಯಲ್ಲಿ ನೀರು 20 ಸೆಂ.ಮೀ. ಗುರುತನ್ನು ದಾಟಿತ್ತು, ಪೂರ್ವದ ಪಟ್ಟಿ ಒಣಗಿತ್ತು. ಮಾದರಿ ಪಶ್ಚಿಮಕ್ಕೆ ಹೇಳಿದ್ದು ಅದಕ್ಕಿಂತ ಕಡಿಮೆ. ಎರಡೂ ಚಿತ್ರಗಳನ್ನು ದಾಖಲಿಸಿ, ಆ ಬೀದಿಯ ಲೆಕ್ಕವನ್ನು ಮತ್ತೆ ತೆರೆದಿದ್ದೇವೆ.